ಕ್ಯಾಂಪರ್ ಹೊತ್ತ ಪಿಕಪ್ಪಿನಲ್ಲಿ ಜೋಡುಪಾಲದವರೆಗೆ

ಪಿಕಪ್ಪಿನ ಹಿಂದೆ ಕೂರಿಸುವ ಕ್ಯಾಂಪರ್, ಅಂದರೆ ಮಲಗೋಕೆ, ಅಡುಗೆಗೆ ಜಾಗ ಇರೋ ಪೆಟ್ಟಿಗೆ, ಮಾರೋರು ಮೊದಲು ಬಾಗಿಲು ತೆಗೆದು ಹಾಸಿಗೆ ತೋರಿಸ್ತಾರೆ. ಆಮೇಲೆ ಒಲೆ, ಸಿಂಕು, ಎಲ್‌ಇಡಿ ಲೈಟು, ಫೋನ್ ಚಾರ್ಜಿಗೆ ಇಡೋ ಜಾಗ. ನನ್ನ ಹೆಂಡತಿಗೆ ಅದೆಲ್ಲ ಹಿಡಿಸಿತ್ತು. ನನಗೂ ಹಿಡಿಸಲಿಲ್ಲ ಅಂತೇನಿಲ್ಲ. ಆದರೆ ಕೊಡಗಿನಲ್ಲಿ ಇದ್ದುಕೊಂಡು ಅಂಥ ಪೆಟ್ಟಿಗೆಯನ್ನು ಗಾಡಿ ಮೇಲೆ ಹೊತ್ತು ಓಡಾಡಬೇಕು ಅಂದರೆ ಒಳಗೆ ಏನೇನಿದೆ ಅನ್ನೋದಕ್ಕಿಂತ ತಿರುವಿನಲ್ಲಿ ಅದು ಗಾಡಿಗೆ ಏನು ಮಾಡುತ್ತೆ ಅನ್ನೋದೇ ಮುಖ್ಯ. ಇಲ್ಲಿ ನೇರ ರಸ್ತೆ ಅಂತ ಇರೋದಾದರೂ ಎಷ್ಟು, ಅಲ್ವಾ? ಹಾಗಾಗಿ ಅಡ್ವಾನ್ಸ್ ಕೊಡೋ ಮೊದಲು ಒಂದು ದಿನ ಹೊರಿಸಿಕೊಂಡು ಓಡಿಸಿ ನೋಡ್ತೀನಿ ಅಂದೆ. ಮಾರುವವರು ಸ್ವಲ್ಪ ಗೊಣಗಿದರು. ಆಮೇಲೆ ತಾನೂ ಜೊತೆಗೆ ಬರೋದಾದರೆ ಸರಿ ಅಂದರು. ಬರಲಿ, ಒಳ್ಳೆಯದೇ.

ಈ ಲೆಕ್ಕ ಆರ್‌ಸಿಯಿಂದಲೇ ಶುರುವಾಗಬೇಕು. ಅದರಲ್ಲಿ ಖಾಲಿ ಗಾಡಿಯ ತೂಕ ಇರುತ್ತೆ, ಎಲ್ಲ ಸೇರಿ ಎಷ್ಟರವರೆಗೆ ಇರಬಹುದು ಅನ್ನೋದೂ ಇರುತ್ತೆ. ಕಳೆದು ನೋಡಿದರೆ ನನ್ನ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ಪಿಗೆ ಉಳಿಯೋದು 600 ಕಿಲೋ. ನಾನೂ ಮಾರುವವರೂ ಕೂತರೆ 140 ಹೋಯಿತು. ಮಿಕ್ಕಿದ್ದು 460. ಕ್ಯಾಂಪರ್ 380 ಕಿಲೋ ಅಷ್ಟೇ ಸರ್ ಅಂತ ಅವರು ಹೇಳಿದ್ದರು. ಅದು ಸುಳ್ಳಲ್ಲ, ಆದರೆ ಅದು ಖಾಲಿ ಪೆಟ್ಟಿಗೆಯ ತೂಕ. 60 ಲೀಟರಿನ ಟ್ಯಾಂಕಿಗೆ ನೀರು ತುಂಬಿದರೆ 60 ಕಿಲೋ. ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸ್ 14.2 ಕಿಲೋ ಆದರೂ ಕಬ್ಬಿಣ ಸೇರಿ ಹತ್ತಿರ ಹತ್ತಿರ 30. ಪಾತ್ರೆ, ಬಟ್ಟೆ, ಅಕ್ಕಿ, ಬೇಳೆ ಇನ್ನೂ ಹತ್ತಿಸಿಯೇ ಇಲ್ಲ.

ಕುಶಾಲನಗರದ ಕೂಡ್ಲೂರು ಕಡೆ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿವೆ, ಅಲ್ಲಿ ಗಾಡಿ ತೂಗುವ ವೇಬ್ರಿಡ್ಜಿಗೆ ಬರ ಇಲ್ಲ. ಕೊಯ್ಲಿನ ಕಾಲ, ಮುಂದೆ ಕಾಫಿ ಮೂಟೆಯ ಲಾರಿಗಳ ಸಾಲು. ನಮ್ಮ ಸರದಿ ಬಂದಾಗ ಬ್ರಿಡ್ಜಿನ ಹುಡುಗ ಕ್ಯಾಂಪರನ್ನು ಒಂದು ಸುತ್ತು ನೋಡಿ, ಇದರೊಳಗೆ ಏನು ಮಾರ್ತೀರಿ ಅಂತ ಕೇಳಿದ. ಕ್ಯಾಂಪರ್ ಕೂರಿಸೋ ಮೊದಲೇ ಒಂದು ಸಲ ತೂಗಿಸಿದ್ದೆ, ನಾವಿಬ್ಬರೂ ಗಾಡಿಯಲ್ಲೇ ಕೂತು: ಒಟ್ಟು 2,000 ಕಿಲೋ, ಮುಂದಿನ ಚಕ್ರಗಳನ್ನಷ್ಟೇ ಬ್ರಿಡ್ಜಿಗೆ ಹತ್ತಿಸಿದಾಗ 1,150. ನೀರು, ಸಿಲಿಂಡರ್ ಸಮೇತ ಕೂರಿಸಿದ ಮೇಲೆ ಒಟ್ಟು 2,470. ಅಂದರೆ ಆರ್‌ಸಿ ಲೆಕ್ಕಕ್ಕಿಂತ 10 ಕಿಲೋ ಜಾಸ್ತಿಯೇ. ಆದರೆ ನನ್ನ ಕಣ್ಣು ನಿಂತಿದ್ದು ಮುಂದಿನ ಚಕ್ರಗಳ ಚೀಟಿ ಮೇಲೆ. 1,070. ಗಾಡಿಗೆ 470 ಕಿಲೋ ಹೇರಿದರೆ ಮುಂದುಗಡೆ ತೂಕ 80 ಕಿಲೋ ಇಳಿದಿದೆ! ಡಬಲ್ ಕ್ಯಾಬ್ ಪಿಕಪ್ಪಿನ ಬೆಡ್ಡು, ಅಂದರೆ ಹಿಂದೆ ಸಾಮಾನು ಹೇರೋ ಜಾಗ, ಗಿಡ್ಡ. ಕ್ಯಾಂಪರಿನ ನೀರಿನ ಟ್ಯಾಂಕು, ಅಡುಗೆ ಕಟ್ಟೆ ಎರಡೂ ಹಿಂದಿನ ಬಾಗಿಲ ಪಕ್ಕ. ಭಾರವೆಲ್ಲ ಹಿಂದಿನ ಆಕ್ಸಲಿನ ಆಚೆ ಬಿದ್ದು ಮೂತಿಯನ್ನು ಮೇಲಕ್ಕೆ ಎತ್ತುತ್ತಿತ್ತು. ಸ್ಟೇರಿಂಗು ತಿರುಗಿಸೋದೂ, ಬ್ರೇಕ್ ಹೆಚ್ಚಾಗಿ ಹಿಡಿಯೋದೂ ಮುಂದಿನ ಚಕ್ರಗಳೇ. ಅಲ್ಲೇ ಭಾರ ಕಮ್ಮಿಯಾದರೆ ಹೇಗೆ?

ಇದೇ ಗಾಡಿಯಲ್ಲಿ ನಾನು ಪ್ರತಿ ವರ್ಷ ಕಾಫಿ ಸಾಗಿಸ್ತೀನಿ. 50 ಕಿಲೋದ ಒಂಬತ್ತು ಮೂಟೆ ಹಾಕಿದರೆ 450 ಕಿಲೋ, ಹೆಚ್ಚುಕಮ್ಮಿ ಇದೇ ಹೊರೆ. ಮಾರುವವರು ಅದನ್ನೇ ಹಿಡಿದುಕೊಂಡರು. ಮೂಟೆ ಹೊರೋ ಗಾಡಿ ಇದನ್ನು ಹೊರಲ್ವಾ ಅಂತ. ಹೊರುತ್ತೆ. ಆದರೆ ಮೂಟೆಗಳನ್ನು ಕ್ಯಾಬಿನ್ನಿಗೆ ಒತ್ತಿ ಕೆಳಗೆ ಮಲಗಿಸಿರ್ತೀವಿ. ಇದು ಹಿಂದಕ್ಕೆ ಚಾಚಿಕೊಂಡು, ಕ್ಯಾಬಿನ್ನಿಗಿಂತ ಎತ್ತರಕ್ಕೆ ನಿಂತಿದೆ.

ಹೊರಡೋ ಮೊದಲು ಟೈರ್ ನೋಡಿದೆ. ಪಕ್ಕದಲ್ಲಿ 112 ಅಂತ ಬರೆದಿತ್ತು, ಅಂದರೆ ಸರಿಯಾಗಿ ಗಾಳಿ ಇದ್ದರೆ ಒಂದೊಂದು ಟೈರು 1,120 ಕಿಲೋ ತಡೆಯುತ್ತೆ. ಆ ಚಿಂತೆ ಇರಲಿಲ್ಲ. ಹಿಂದಿನ ಟೈರಿಗೆ ಗಾಳಿ ಏರಿಸಿಕೊಂಡೆ. ಆಮೇಲೆ ಕ್ಯಾಂಪರಿನ ಅಡಿ ಬೆಡ್ಡಿನ ಅಂಚಿಗೆ ಕೂರುವ ಕಡೆ, ಎರಡರ ಮೇಲೂ ಸೇರಿ ಬರುವ ಹಾಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದೆ, ಎಡಕ್ಕೊಂದು ಬಲಕ್ಕೊಂದು. ಯಾಕೆ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಗುಡ್ಡೆಹೊಸೂರು ದಾಟಿ ಆನೆಕಾಡಿನ ಒಳಗೆ ಹೋಗುವಾಗ ಗಾಡಿ ಚೆನ್ನಾಗೇ ಓಡಿತು. ಎಂಜಿನ್ ಎಳೆಯೋದರಲ್ಲಿ ತಕರಾರಿಲ್ಲ. ಎದುರಿನಿಂದ ಬಸ್ಸು ಜೋರಾಗಿ ದಾಟಿ ಹೋದಾಗ ಮಾತ್ರ ಗಾಳಿ ಪೆಟ್ಟಿಗೆಗೆ ಬಡಿದು ಹಿಂದೆ ಒಂದು ಸಣ್ಣ ಅಲುಗಾಟ. ಸುಂಟಿಕೊಪ್ಪದ ಹತ್ತಿರ ಒಂದು ಹಂಪನ್ನು ಬೇಕೆಂದೇ ಓರೆಯಾಗಿ ಹತ್ತಿಸಿದೆ. ಒಂದು ಚಕ್ರ ಮೊದಲು ಏರಿ, ಇನ್ನೊಂದು ಆಮೇಲೆ ಏರುವಾಗ ಕ್ಯಾಂಪರ್ ಆ ಕಡೆ ವಾಲಿತು, ಈ ಕಡೆ ವಾಲಿತು, ಗಾಡಿ ಹಂಪು ಇಳಿದು ಮುಂದೆ ಬಂದ ಮೇಲೂ ಇನ್ನೊಂದು ಸಲ ವಾಲಿತು. ಒಳಗೆ ಸಿಂಕಿನ ಕೆಳಗಿನ ಬಾಗಿಲು ತೆರೆದುಕೊಂಡು ಪಟಪಟ ಬಡಿಯೋಕೆ ಶುರು. ಪಕ್ಕದಲ್ಲಿದ್ದ ಮಾರುವವರು ಹಿಂದಿನ ಸ್ಪ್ರಿಂಗಿಗೆ ಎರಡು ಪಾಟಾ (ಉಕ್ಕಿನ ಪಟ್ಟಿ) ಜಾಸ್ತಿ ಹಾಕಿಸಿದರೆ ಸರಿಹೋಗುತ್ತೆ ಅಂದರು. ಪಾಟಾ ಹಾಕಿಸಿದರೆ ಗಾಡಿ ಹಿಂದೆ ತಗ್ಗಿ ಕೂರೋದು ಕಮ್ಮಿಯಾಗುತ್ತೆ, ಓಲಾಟವೂ ಸ್ವಲ್ಪ ಕಮ್ಮಿಯಾದೀತು. ಮೂತಿಯಿಂದ ಹೋದ 80 ಕಿಲೋ ವಾಪಸ್ ಬರಲ್ಲ. ಆರ್‌ಸಿಯಲ್ಲಿರೋ ಅಂಕಿಯೂ ಬದಲಾಗಲ್ಲ.

ಮಡಿಕೇರಿಯಲ್ಲಿ ಕಾಫಿ ಕುಡಿದು ಸಂಪಾಜೆ ಘಾಟಿ ಇಳಿದೆವು. ನನಗೆ ಬೇಕಿದ್ದ ಪರೀಕ್ಷೆ ಇದೇ. ಹೋಗೋದು ಜೋಡುಪಾಲದವರೆಗೆ ಅಷ್ಟೇ, ಅಲ್ಲಿಂದ ವಾಪಸ್. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಈ ರಸ್ತೆ ಹೋದದ್ದನ್ನು ನೋಡಿದವರು ಯಾರೂ ಇಲ್ಲಿ ಸುಮ್ನೆ ಜೋರಾಗಿ ಓಡಿಸಲ್ಲ, ನಾನೂ ಓಡಿಸಲ್ಲ. ಎರಡನೇ ಗೇರಿನಲ್ಲೇ ಇಳಿದೆ. ಬ್ರೇಕು ಹಿಡಿಯುತ್ತಿತ್ತು, ಬಿಸಿಯ ವಾಸನೆ ಬರಲಿಲ್ಲ, ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಮದೆನಾಡಿನಿಂದ ಕೆಳಗೆ ಎಡಕ್ಕೊಂದು ಬಲಕ್ಕೊಂದು ತಿರುವು ಬೆನ್ನಿಗೆ ಬೆನ್ನು ಬಂದಾಗ ಗೊತ್ತಾಯಿತು. ಮೊದಲ ತಿರುವಿನ ವಾಲಿಕೆ ಮುಗಿಯೋ ಮೊದಲೇ ಎರಡನೇ ತಿರುವು ಎದುರಿಗಿರುತ್ತೆ. ಮೇಲಿನ ಭಾರ ಇನ್ನೂ ಬಲಕ್ಕೆ ತೂಗುತ್ತಿರುವಾಗ ನಾನು ಸ್ಟೇರಿಂಗನ್ನು ಆ ಕಡೆ ತಿರುಗಿಸಬೇಕು. ಟ್ಯಾಂಕಿನಿಂದ ಮೊದಲೇ ಸ್ವಲ್ಪ ನೀರು ಖಾಲಿ ಮಾಡಿದ್ದೆ, ಅರ್ಧ ತುಂಬಿದ್ದಾಗ ಹೇಗೆ ಅಂತ ನೋಡೋಕೆ. ಒಳಗೆ ನೀರು ಒಂದು ಗೋಡೆಯಿಂದ ಇನ್ನೊಂದಕ್ಕೆ ಬಡಿಯೋದು ಕ್ಯಾಬಿನ್ನಿಗೇ ಕೇಳಿಸುತ್ತಿತ್ತು. ಸ್ಟೇರಿಂಗು ಬೆಣ್ಣೆಯ ಹಾಗೆ ಹಗುರ. ಪೇಟೆಯಲ್ಲಿ ಅದು ಸುಖ, ಘಾಟಿಯಲ್ಲಿ ಅಲ್ಲ. ಮಾರುವವರು ಮಾತು ನಿಲ್ಲಿಸಿ ಮೇಲಿನ ಹಿಡಿ ಹಿಡಿದುಕೊಂಡಿದ್ದರು.

ಜೋಡುಪಾಲದಲ್ಲಿ ಅಗಲವಾದ ಜಾಗ ನೋಡಿ ನಿಲ್ಲಿಸಿ ಹಿಂದೆ ಹೋಗಿ ನೋಡಿದೆ. ಎಡಗಡೆ ಗೀಟು ಮುರಿದಿತ್ತು. ಬೆಡ್ಡಿನ ಮೇಲಿನ ತುಂಡಿಗೂ ಕ್ಯಾಂಪರಿನ ಮೇಲಿನ ತುಂಡಿಗೂ ನಡುವೆ ಎರಡು ಬೆರಳು ಅಂತರ. ಬಲಗಡೆ ಅರ್ಧ ಬೆರಳು. ಅಂದರೆ ಪೆಟ್ಟಿಗೆ ಹಿಂದಕ್ಕೆ ಜಾರಿದ್ದಷ್ಟೇ ಅಲ್ಲ, ಓರೆಯಾಗಿ ತಿರುಗಿತ್ತು. ಕಟ್ಟಿದ್ದ ಬೆಲ್ಟು ಮುಟ್ಟಿದರೆ ಸಡಿಲ. ಇದನ್ನು ತೋರಿಸಿದಾಗ ಅವರು ಬೋಲ್ಟ್ ಹಾಕಿ ಚಾಸಿಗೇ ಬಿಗಿದುಬಿಡೋಣ ಸರ್ ಅಂದರು. ಹಾಗೆ ಮಾಡಿದರೆ ಇಳಿಸಿ ಇಡೋ ಸಾಮಾನು ಅಂತ ಹೇಳೋಕಾಗಲ್ಲ, ಗಾಡಿಯನ್ನೇ ಮಾರ್ಪಡಿಸಿದ್ದೀರಿ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದುಕೊಂಡು ಕೇಳಿದರೆ ಉತ್ತರ ಕೊಡಬೇಕಾದವನು ನಾನು. ಬೆಲ್ಟು ಬಿಗಿದು ವಾಪಸ್ ಹತ್ತಿದೆವು.

ಕತ್ತಲಾಗುವಾಗ ಇನ್ನೊಂದು ತಲೆನೋವು ಗೊತ್ತಾಯಿತು. ಮೂತಿ ಎದ್ದಿರೋದರಿಂದ ಹೆಡ್‌ಲೈಟು ರಸ್ತೆ ಬಿಟ್ಟು ಸಿಲ್ವರ್ ಓಕ್ ಮರಗಳ ತಲೆಗೆ ಬೀಳುತ್ತಿತ್ತು, ಎದುರಿಗೆ ಬಂದವರೆಲ್ಲ ಡಿಪ್ ಮಾಡಿ ಅಂತ ಲೈಟ್ ಮಿಟುಕಿಸುವವರೇ. ನಮ್ಮ ತೋಟದ ದಾರಿಗೆ ತಿರುಗಿದ ಮೇಲೆ ಹಲಸಿನ ಕೊಂಬೆ ಕ್ಯಾಂಪರಿನ ಮಾಡಿಗೆ ತಾಗಿತು. ಅದನ್ನು ಕಡಿಯಬಹುದು ಬಿಡಿ.

ವ್ಯಾಪಾರ ಮುರಿದುಬಿತ್ತು ಅಂತಲೇ ಅಂದುಕೊಳ್ಳಿ. ನಾನು ಕೇಳಿದ್ದು ಎರಡೇ: ಟ್ಯಾಂಕು ಕ್ಯಾಬಿನ್ ಪಕ್ಕಕ್ಕೆ ಬರಬೇಕು, ನಾಲ್ಕು ಮೂಲೆಗೂ ಟರ್ನ್‌ಬಕಲ್ (ತಿರುಗಿಸಿ ಬಿಗಿಯೋ ಕೊಂಡಿ) ಹಾಕಿ ಕಟ್ಟೋ ಹಾಗಿರಬೇಕು. ಒಳಗಿನ ಕಟ್ಟೆಯನ್ನೇ ಒಡೆಯಬೇಕಾಗುತ್ತೆ, ಆಗಲ್ಲ ಅಂದರು. ಸಿಂಗಲ್ ಕ್ಯಾಬಿನ ಉದ್ದ ಬೆಡ್ ಇರುವವರಿಗೆ ಆ ಕ್ಯಾಂಪರ್ ಚೆನ್ನಾಗಿಯೇ ಕೂರುತ್ತೆ, ಅಂಥವರಿಗೆ ಕೊಡಿ ಅಂತ ನಾನೇ ಹೇಳಿದೆ. ಮಾಡು ಮೇಲಕ್ಕೆ ಎತ್ತೋ ಥರದ್ದು ತಗೊಳ್ಳಿ, ಓಡುವಾಗ ಗಿಡ್ಡ ಇರುತ್ತೆ ಅಂತ ಗೆಳೆಯರೊಬ್ಬರು ಹೇಳ್ತಿದ್ದಾರೆ. ಆದರೆ ಅದರ ಪಕ್ಕಗಳು ಕ್ಯಾನ್ವಾಸು, ನಮ್ಮ ಜೂನ್ ಜುಲೈಗೆ ಬೂಷ್ಟು ಹಿಡಿಯದೆ ಇರುತ್ತಾ? ಅಂಥದ್ದು ಸಿಕ್ಕರೆ ಅದನ್ನೂ ಒಂದು ದಿನ ಕೇಳಿ ತಗೊಂಡು ಮೊದಲು ಕೂಡ್ಲೂರಿಗೇ ಹೋಗ್ತೀನಿ, ಹಾಸಿಗೆ ಆಮೇಲೆ ನೋಡಿದರಾಯಿತು.