ಪುಸ್ತಕದಲ್ಲಿ ಒಂದು ವಾಕ್ಯ, ತೆರೆಯ ಮೇಲೆ ಪ್ರತಿ ಶಾಟ್

ನಾನು ಚಿತ್ರಕಥೆ ಬರೆಯುವವನು. ಈಚೆಗೆ ನನ್ನ ಕೈಗೆ ಬರುವ ಕೆಲಸದಲ್ಲಿ ಜಾಸ್ತಿ ಪಾಲು ಹಳೆಯ ಸೈನ್ಸ್ ಫಿಕ್ಷನ್ ಕಾದಂಬರಿಗಳದ್ದು. ಈಗ ಬರೆಯುತ್ತಿರುವುದು ಮಂಗಳ ಗ್ರಹದಲ್ಲಿ ನಡೆಯುವ ಕಥೆ. ಒಪ್ಪಂದ ಇರುವುದರಿಂದ ಪುಸ್ತಕದ ಹೆಸರು ಹೇಳುವ ಹಾಗಿಲ್ಲ. ಹೇಳದಿದ್ದರೂ ಪರವಾಗಿಲ್ಲ, ಪುಸ್ತಕ ಯಾವುದಾದರೂ ತಲೆನೋವುಗಳು ಹೆಚ್ಚುಕಮ್ಮಿ ಅವೇ.

ಹೊರಗಿನವರು ಮೊದಲು ಕೇಳುವುದು ಗ್ರಾಫಿಕ್ಸ್ ಬಗ್ಗೆ. 'ಅಷ್ಟು ದೊಡ್ಡ ನೌಕೆನ ಹೇಗೆ ತೋರಿಸ್ತೀರಿ?' ಅಂತ. ನೌಕೆ ಅಂಥ ಕಷ್ಟವೇನಲ್ಲ. ದುಡ್ಡು, ಸಮಯ ಎರಡೂ ಕೊಟ್ಟರೆ ವಿಎಫ್‌ಎಕ್ಸ್‌ನವರು ಕಟ್ಟಿಕೊಡುತ್ತಾರೆ. ನಮ್ಮ ತಲೆ ತಿನ್ನುವುದು ವಿವರಣೆ.

ಕಾದಂಬರಿಕಾರನಿಗೆ ವಿವರಣೆ ಪುಕ್ಕಟೆ. 'ಈ ಲೋಕದಲ್ಲಿ ಹೀಗೆ ನಡೆಯುತ್ತದೆ, ಅದಕ್ಕೆ ಕಾರಣ ಇದು' ಅಂತ ಎರಡು ಪುಟ ಬರೆದು ಕಥೆಗೆ ವಾಪಸ್ ಬರಬಹುದು. ಸೈನ್ಸ್ ಫಿಕ್ಷನ್ ಓದುವವರಿಗೆ ಆ ಎರಡು ಪುಟವೇ ಇಷ್ಟ. ತೆರೆಯ ಮೇಲೆ ಅದೇ ಮಾತನ್ನು ಯಾರೋ ಯಾರಿಗೋ ಹೇಳಬೇಕು. ಆಗ ಶುರುವಾಗುತ್ತದೆ ನೋಡಿ, ಇಬ್ಬರು ವಿಜ್ಞಾನಿಗಳು ಎದುರುಬದುರು ನಿಂತು ಇಬ್ಬರಿಗೂ ಮೊದಲೇ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. 'ನಿಮಗೆ ಗೊತ್ತೇ ಇದೆ ಡಾಕ್ಟರ್, ನಮ್ಮ ಆಮ್ಲಜನಕ...' ಗೊತ್ತೇ ಇದ್ದರೆ ಯಾಕಪ್ಪ ಹೇಳ್ತೀಯ!

ಈ ಕಷ್ಟಕ್ಕೆ ಎಲ್ಲರೂ ಉದಾಹರಣೆ ಕೊಡುವುದು 'ಡ್ಯೂನ್'. ಫ್ರ್ಯಾಂಕ್ ಹರ್ಬರ್ಟ್ ಅವರ ಈ ಕಾದಂಬರಿ ಬಂದಿದ್ದು 1965ರಲ್ಲಿ. ಅದರ ಪಾತ್ರಗಳು ಬಾಯಲ್ಲಿ ಹೇಳುವುದು ಒಂದು, ಮನಸ್ಸಿನಲ್ಲಿ ಲೆಕ್ಕ ಹಾಕುವುದು ಇನ್ನೊಂದು. ಕಥೆಯ ಅರ್ಧ ಜೀವ ಆ ಲೆಕ್ಕದಲ್ಲೇ ಇದೆ. 1984ರಲ್ಲಿ ಡೇವಿಡ್ ಲಿಂಚ್ ಅದನ್ನು ಸಿನಿಮಾ ಮಾಡಿದಾಗ ಆ ಯೋಚನೆಗಳನ್ನು ಪಿಸುದನಿಯ ವಾಯ್ಸ್ ಓವರ್ ಆಗಿ ಇಟ್ಟರು. ಶುರುವಿನಲ್ಲೇ ಒಬ್ಬ ರಾಜಕುಮಾರಿ ಕ್ಯಾಮೆರಾ ನೋಡಿಕೊಂಡು ಆ ಲೋಕದ ಪರಿಚಯ ಹೇಳುತ್ತಾಳೆ. ಅದೂ ಸಾಲದು ಅಂತ ಕೆಲವು ಥಿಯೇಟರ್‌ಗಳಲ್ಲಿ ಪದಗಳ ಅರ್ಥ ಅಚ್ಚು ಹಾಕಿಸಿದ ಹಾಳೆಯನ್ನು ಪ್ರೇಕ್ಷಕರಿಗೆ ಹಂಚಿದರು. ಕತ್ತಲಲ್ಲಿ ಅದನ್ನು ಓದುವುದಾದರೂ ಹೇಗೆ, ಆ ಮಾತು ಬೇರೆ.

2021ರಲ್ಲಿ ಡೆನಿ ವಿಲ್ನವ್ ಅದೇ ಪುಸ್ತಕ ಕೈಗೆತ್ತಿಕೊಂಡಾಗ ಮನಸ್ಸಿನ ಮಾತನ್ನು ಪೂರ್ತಿ ಬಿಟ್ಟರು. ಎರಡೂವರೆ ಗಂಟೆ ದಾಟಿದ ಆ ಸಿನಿಮಾದಲ್ಲಿ ಪುಸ್ತಕದ ಸುಮಾರು ಅರ್ಧ ಮಾತ್ರ ಇದೆ, ಉಳಿದದ್ದು 2024ಕ್ಕೆ ಹೋಯಿತು. ತಾಯಿ ಮಗ ಬೇರೆಯವರ ಎದುರು ಕೈಸನ್ನೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಅವರು ಏನೋ ಮುಚ್ಚಿಡುತ್ತಿದ್ದಾರೆ, ಇಬ್ಬರೂ ಎಂಥದ್ದೋ ತರಬೇತಿ ಪಡೆದವರು, ಎದುರಿಗಿರುವವರನ್ನು ನಂಬುವುದಿಲ್ಲ. ಇಷ್ಟೂ ಒಂದು ಸನ್ನೆಯಲ್ಲಿ ತಿಳಿಯುತ್ತದೆ. ಗಣಕಯಂತ್ರಗಳ ಬದಲು ಲೆಕ್ಕ ಮಾಡುವ ಮನುಷ್ಯರು ಅಲ್ಲಿ ಯಾಕಿದ್ದಾರೆ ಅನ್ನುವ ಇತಿಹಾಸವನ್ನು ಹೇಳುವುದೇ ಇಲ್ಲ. ಒಬ್ಬನನ್ನು ಖರ್ಚೆಷ್ಟು ಅಂತ ಕೇಳುತ್ತಾರೆ, ಅವನ ಕಣ್ಣು ಮೇಲಕ್ಕೆ ಹೊರಳುತ್ತದೆ, ಉತ್ತರ ಬರುತ್ತದೆ. ಅಷ್ಟೇ. ಪುಸ್ತಕ ಓದಿದವರು ಕಳೆದುಹೋದದ್ದನ್ನು ಪಟ್ಟಿ ಮಾಡಬಹುದು. ಓದದವನು ಕಥೆಯ ಜೊತೆಗೇ ಇರುತ್ತಾನೆ.

ನಮ್ಮ ಮಂಗಳದ ಕಥೆಗೆ ಬರುತ್ತೇನೆ. ಅಲ್ಲಿ ಜನ ನೆಲದಡಿ ವಾಸಿಸುತ್ತಾರೆ. ಉಸಿರಾಡುವ ಗಾಳಿಗೂ ಮನೆಮನೆಗೊಂದು ಖಾತೆ. ಮನೆಗೆ ಯಾರಾದರೂ ಬಂದರೆ ಅವರ ಉಸಿರಿನ ಲೆಕ್ಕವೂ ಆ ಮನೆಯ ಖಾತೆಗೇ ಬೀಳುತ್ತದೆ. ಲೇಖಕರು ಇದನ್ನು ಹತ್ತಿರಹತ್ತಿರ ಒಂದು ಅಧ್ಯಾಯ ವಿವರಿಸುತ್ತಾರೆ. ಯಾರು ಎಷ್ಟು ಕಟ್ಟಬೇಕು, ತಪ್ಪಿದರೆ ಏನು, ಈ ಪದ್ಧತಿ ಯಾವಾಗ ಬಂತು, ಎಲ್ಲ.

ಇಂಥ ಜಾಗದಲ್ಲಿ ಮೊದಲು ಎಲ್ಲರ ತಲೆಗೂ ಹೊಳೆಯುವುದು ತರಗತಿಯ ಸೀನ್. ಮೇಷ್ಟ್ರು ಪಾಠ ಮಾಡುತ್ತಾರೆ, ಮಕ್ಕಳ ಜೊತೆ ನಾವೂ ಕಲಿಯುತ್ತೇವೆ. ಅಥವಾ ಭೂಮಿಯಿಂದ ಹೊಸಬ ಒಬ್ಬ ಬರುತ್ತಾನೆ, ಕಂಡದ್ದಕ್ಕೆಲ್ಲ 'ಇದೇನು?' ಅಂತ ಕೇಳುತ್ತಾನೆ. ನಮ್ಮ ನಿರ್ದೇಶಕರಿಗೆ ಇವೆರಡನ್ನೂ ಕಂಡರೆ ಆಗುವುದಿಲ್ಲ. ಅವರ ಪ್ರಶ್ನೆ ಒಂದೇ: 'ಈ ನಿಯಮದಿಂದ ಜನ ಏನು ಮಾಡ್ತಾರೆ? ಏನು ಮಾಡೋದನ್ನ ಬಿಟ್ಟಿದ್ದಾರೆ? ಅದನ್ನ ಹೇಳಿ, ಕ್ಯಾಮೆರಾ ಎಲ್ಲಿಡ್ಬೇಕು ಅಂತ ನಾನು ನೋಡ್ತೀನಿ.'

ಈ ಪ್ರಶ್ನೆ ಹಿಡಿದು ಕೂತಾಗ ಪುಸ್ತಕದಲ್ಲಿಲ್ಲದ ಸೀನ್ ಬಂತು. ಒಬ್ಬಳು ಮುಖ್ಯವಾದ ಸುದ್ದಿ ಹೊತ್ತು ಗೆಳತಿಯ ಮನೆಗೆ ಬರುತ್ತಾಳೆ. ಬಾಗಿಲು ಅರ್ಧ ತೆರೆಯುತ್ತದೆ. 'ಒಳಗೆ ಬಾ' ಅಂತ ಗೆಳತಿ ಹೇಳುವುದಿಲ್ಲ. ಗೋಡೆಯ ಮೀಟರ್ ಕಡೆ ಒಮ್ಮೆ ನೋಡುತ್ತಾಳೆ. ಬಂದವಳಿಗೆ ಬೇಜಾರಿಲ್ಲ, ಅದು ಅಲ್ಲಿ ಮಾಮೂಲು. ಹೊಸ್ತಿಲಾಚೆಯೇ ನಿಂತು ಮಾತು ಶುರು ಮಾಡುತ್ತಾಳೆ. ಒಳಗೆ ಮಗು ಓಡುತ್ತಿದೆ. ತಾಯಿ ತಿರುಗಿ ನೋಡದೆಯೇ 'ಓಡ್ಬೇಡ' ಅನ್ನುತ್ತಾಳೆ. ಮಗು ನಡೆಯಲು ಶುರು ಮಾಡುತ್ತದೆ. ಸುದ್ದಿ ಎಷ್ಟು ಕೆಟ್ಟದ್ದು ಅಂತ ಅರ್ಥವಾದ ಮೇಲೆ ಗೆಳತಿ ಬಾಗಿಲನ್ನು ಪೂರ್ತಿ ತೆಗೆಯುತ್ತಾಳೆ.

ಈ ಸೀನ್‌ನಲ್ಲಿ 'ಖಾತೆ' ಅನ್ನುವ ಮಾತೇ ಇಲ್ಲ. ಮುಂದೊಂದು ಕಡೆ ಆ ಮಗುವಿನ ಹುಟ್ಟುಹಬ್ಬ ಬರುತ್ತದೆ. ಉಡುಗೊರೆ ಏನು ಗೊತ್ತಾ? ಅವತ್ತು ಓಡಲು ಬಿಡುತ್ತಾರೆ. ಇಷ್ಟಾದ ಮೇಲೆ, ಆಡಳಿತದವರು ಖಾತೆಗಳನ್ನು ಅರ್ಧಕ್ಕಿಳಿಸಿದಾಗ ಯಾರೂ ಏನೂ ವಿವರಿಸಬೇಕಾಗಿಲ್ಲ. ನಟರಿಗೂ ಇದೇ ಸಲೀಸು. ಖಾತೆಯ ಪದ್ಧತಿಯನ್ನು ಯಾರೂ ನಟಿಸಲಾರರು. ಒಳಗೆ ಕರೆಯದೆ ಬಾಗಿಲಲ್ಲಿ ನಿಲ್ಲಿಸುವುದನ್ನು ಒಳ್ಳೆಯ ನಟಿ ಒಂದೊಂದು ಟೇಕ್‌ನಲ್ಲೂ ಬೇರೆ ಬೇರೆ ಥರ ಮಾಡಿ ತೋರಿಸುತ್ತಾಳೆ.

ಕೆಲವೊಮ್ಮೆ ತದ್ವಿರುದ್ಧ ಕಷ್ಟ ಬರುತ್ತದೆ. ಪುಸ್ತಕದಲ್ಲಿ ಒಂದೇ ವಾಕ್ಯ, ನಮಗೆ ಜೀವಮಾನದ ಸಾಲ. ಮಂಗಳದಲ್ಲಿ ಗುರುತ್ವ ಭೂಮಿಯದರ ಶೇ. 38ರಷ್ಟು. ಲೇಖಕರು ಮೊದಲ ಅಧ್ಯಾಯದಲ್ಲಿ 'ಅಲ್ಲಿ ಎಲ್ಲವೂ ಹಗುರ' ಅನ್ನುವ ಅರ್ಥದಲ್ಲಿ ಏನೋ ಹೇಳಿ ಮುಂದೆ ಹೋಗುತ್ತಾರೆ, ಓದುಗನೂ ಮರೆತುಬಿಡುತ್ತಾನೆ. ಕ್ಯಾಮೆರಾ ಮರೆಯುವುದಿಲ್ಲ. ಒಂದು ಮೀಟರ್ ಎತ್ತರದಿಂದ ಬಿದ್ದ ಲೋಟ ಭೂಮಿಯಲ್ಲಿ ಅರ್ಧ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಮಂಗಳದಲ್ಲಿ ಅದಕ್ಕೆ ಮುಕ್ಕಾಲು ಸೆಕೆಂಡಿನ ಹತ್ತಿರ ಬೇಕು. ನಡಿಗೆ, ಕೂದಲು, ಸುರಿಯುವ ನೀರು, ಎಲ್ಲಕ್ಕೂ ಈ ಲೆಕ್ಕ ಅನ್ವಯಿಸುತ್ತದೆ. ಎಲ್ಲರನ್ನೂ ತಂತಿಗೆ ಕಟ್ಟಿ ಇಡೀ ಸಿನಿಮಾ ತೆಗೆಯಲು ಆಗುತ್ತದಾ? ಹಾಗಾಗಿ ನಮ್ಮ ಸ್ಕ್ರಿಪ್ಟ್‌ನ ಮೊದಲ ಪುಟದಲ್ಲೇ ಒಂದು ಸೂಚನೆ ಇದೆ: ಯಾರೂ ಏನನ್ನೂ ಬೀಳಿಸಬಾರದು, ಫ್ರೇಮಿನೊಳಗೆ ನೀರು ಸುರಿಯಬಾರದು. ಗುರುತ್ವ ಕಾಣುವುದು ಒಂದೇ ಕಡೆ, ಕಥೆಗೆ ಅದು ಬೇಕೇಬೇಕಾದಲ್ಲಿ. ಬಜೆಟ್‌ನ ದೊಡ್ಡ ತುಂಡು ಅಲ್ಲಿಗೇ ಹೋಗುತ್ತದೆ. ಪುಸ್ತಕ ಸಿಕ್ಕ ತಕ್ಷಣ ನಾನು ಇಂಥ ವಾಕ್ಯಗಳಿಗೆ ಕೆಂಪು ಗೆರೆ ಎಳೆಯುತ್ತೇನೆ. ಯುದ್ಧದ ಅಧ್ಯಾಯಗಳಿಗಿಂತ ಇವು ದುಬಾರಿ.

ಕಾಲ ಸರಿಯುವುದು ಮತ್ತೊಂದು ಪಜೀತಿ. ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' 1951ರ ಪುಸ್ತಕ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ದಶಕಗಳೇ ಕಳೆದಿರುತ್ತವೆ, ಹಿಂದಿನ ಪಾತ್ರಗಳು ಸತ್ತು ಹೆಸರಷ್ಟೇ ಉಳಿದಿರುತ್ತದೆ. ಮೆಚ್ಚಿದ ಮುಖ ಆಗಾಗ ಮಾಯವಾದರೆ ಧಾರಾವಾಹಿಯ ಪ್ರೇಕ್ಷಕ ಎದ್ದು ಹೋಗುತ್ತಾನೆ. 2021ರಲ್ಲಿ ಶುರುವಾದ ಸರಣಿ ಇದಕ್ಕೆ ಒಂದು ಉಪಾಯ ಹುಡುಕಿತು. ಸಾಮ್ರಾಟ ತನ್ನದೇ ತದ್ರೂಪುಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಸಿಂಹಾಸನದಲ್ಲಿ ಕೂರಿಸುತ್ತಾ ಹೋಗುತ್ತಾನೆ. ಶತಮಾನ ಕಳೆದರೂ ನಟ ಅವನೇ! ಪುಸ್ತಕದಲ್ಲಿ ಇದು ಇಲ್ಲವೇ ಇಲ್ಲ. ನನಗಂತೂ ಆ ಸರಣಿಯಲ್ಲಿ ತುಂಬ ಹಿಡಿಸಿದ್ದು ಇದೇ, ಯಾಕೆಂದರೆ ಬದಲಾಗಲು ಒಪ್ಪದ ಸಾಮ್ರಾಜ್ಯ ಕುಸಿಯುತ್ತದೆ ಅನ್ನುವ ಮೂಲದ ಯೋಚನೆಗೇ ಇದರಿಂದ ಒಂದು ಮುಖ ಸಿಕ್ಕಿತು.

ಇನ್ನೂ ಸರಳ ಉಪಾಯ 1960ರದ್ದು. ಎಚ್. ಜಿ. ವೆಲ್ಸ್ ಅವರ 1895ರ 'ದಿ ಟೈಮ್ ಮಷೀನ್' ಸಿನಿಮಾ ಆದಾಗ, ಯಂತ್ರದಲ್ಲಿ ಕೂತವನ ಎದುರಿಗಿನ ಅಂಗಡಿಯ ಗೊಂಬೆಗೆ ಬಟ್ಟೆ ಬದಲಾಗುತ್ತಾ ಹೋಗುತ್ತದೆ. ವರ್ಷಗಳು ಉರುಳುವುದು ಫ್ಯಾಷನ್ನಿನಲ್ಲೇ ಗೊತ್ತಾಗುತ್ತದೆ. ಹೊಸಬರು ಯಾರಾದರೂ ನಮ್ಮ ತಂಡ ಸೇರಿದರೆ ಈ ತುಣುಕನ್ನು ತೋರಿಸುತ್ತೇನೆ.

ಹಳೆಯ ವಿಜ್ಞಾನದ ತಕರಾರು ಬೇರೆ. ನಮ್ಮ ಕಾದಂಬರಿ 1950ರ ದಶಕದ್ದು. ಅದರ ಮಂಗಳದಲ್ಲಿ ಗಿಡಗಂಟಿ ಇದೆ, ಸುಮಾರಾಗಿ ಗಾಳಿಯೂ ಇದೆ. 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಹತ್ತಿರದಿಂದ ತೆಗೆದು ಕಳಿಸಿದ ಚಿತ್ರಗಳಲ್ಲಿ ಕಂಡಿದ್ದು ಬರೀ ಕುಳಿಗಳು. ಅಲ್ಲಿಯ ವಾತಾವರಣದ ಒತ್ತಡ ನಮ್ಮದರ ಶೇ. 1ಕ್ಕಿಂತ ಕಡಿಮೆ. ತಿದ್ದಬೇಕೋ ಹಾಗೇ ಬಿಡಬೇಕೋ ಅಂತ ತಂಡದಲ್ಲಿ ಜೋರು ಚರ್ಚೆ ಆಯಿತು. ಗಿಡಗಳು ಬರೀ ಅಲಂಕಾರ, ತೆಗೆದೆವು. ನೆಲದಡಿಯ ಬದುಕಿಗೆ ಹೊಸ ವಿಜ್ಞಾನದಿಂದ ಬಲವೇ ಬಂತು. ಮೇಲೆ ಗಾಳಿ ಇಲ್ಲವೆಂದಾದರೆ ಆ ಖಾತೆ ಇನ್ನಷ್ಟು ಕ್ರೂರವಾಗುತ್ತದೆ, ಅಲ್ವಾ? ಹೊರಗೆ ನಿಂತು ಮುಖವಾಡ ತೆಗೆದು ಮಾತಾಡುವ ಒಂದು ಸೊಗಸಾದ ಅಧ್ಯಾಯವನ್ನು ಮಾತ್ರ ಪೂರ್ತಿ ಬೇರೆ ಕಡೆಗೆ ಸಾಗಿಸಬೇಕಾಯಿತು. ಅದು ನನಗೆ ಇವತ್ತಿಗೂ ಕೊರೆಯುತ್ತದೆ.

ಇದಕ್ಕಿಂತ ಸಂಕಟದ್ದು ಇನ್ನೊಂದಿದೆ. ಕ್ಲಾಸಿಕ್ ಅನ್ನಿಸಿಕೊಂಡ ಪುಸ್ತಕದಿಂದ ಅಷ್ಟರಲ್ಲಿ ಎಲ್ಲರೂ ಕದ್ದಾಗಿರುತ್ತದೆ. ಎಡ್ಗರ್ ರೈಸ್ ಬರೋಸ್ 1912ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಮಂಗಳದ ಸಾಹಸಕಥೆ 2012ರಲ್ಲಿ 'ಜಾನ್ ಕಾರ್ಟರ್' ಆಗಿ ತೆರೆಗೆ ಬಂದಾಗ, ಎಷ್ಟೋ ಜನಕ್ಕೆ ಅದು ಬೇರೆ ಸಿನಿಮಾಗಳ ನಕಲು ಅನ್ನಿಸಿತು. ಆ ಸಿನಿಮಾಗಳು ಹುಟ್ಟಿದ್ದೇ ಇಂಥ ಕಥೆಗಳಿಂದ. 'ನಾವೇ ಮೊದಲು' ಅಂತ ಪೋಸ್ಟರ್‌ನಲ್ಲಿ ಬರೆದುಕೊಂಡರೆ ಏನು ಪ್ರಯೋಜನ? ಸವೆದ ಭಾಗಗಳನ್ನು ಬೇಗ ದಾಟಿ, ಯಾರೂ ಮುಟ್ಟದ ಸಣ್ಣ ವಿವರಕ್ಕೆ ಜಾಸ್ತಿ ಹೊತ್ತು ಕೊಡುವುದೊಂದೇ ದಾರಿ. ನಮ್ಮಲ್ಲಿ ಗುಮ್ಮಟ, ರಾಕೆಟ್, ಕೆಂಪು ಮರುಭೂಮಿ ಎಲ್ಲ ಕೆಲವೇ ಶಾಟ್. ಬಾಗಿಲುಗಳಿಗೆ ಹೆಚ್ಚು ಹೊತ್ತು.

ನಿಷ್ಠೆಯ ಪ್ರಶ್ನೆ ಬಂದಾಗ ನನಗೆ ನೆನಪಾಗುವುದು ಫ್ರಾನ್ಸ್ವಾ ತ್ರೂಫೋ 1966ರಲ್ಲಿ ಮಾಡಿದ 'ಫ್ಯಾರನ್‌ಹೀಟ್ 451'. ರೇ ಬ್ರ್ಯಾಡ್‌ಬರಿ ಅವರ ಕಾದಂಬರಿಯಲ್ಲಿ ಬೆನ್ನಟ್ಟಿ ಬರುವ ಯಂತ್ರದ ನಾಯಿ ಇದೆ, ಸಿನಿಮಾದಲ್ಲಿ ಅದು ಇಲ್ಲ. ಆದರೆ ಅಲ್ಲಿ ಶೀರ್ಷಿಕೆ, ನಟರ ಹೆಸರು ಯಾವುದೂ ತೆರೆಯ ಮೇಲೆ ಅಕ್ಷರವಾಗಿ ಮೂಡುವುದಿಲ್ಲ. ಒಂದು ದನಿ ಎಲ್ಲವನ್ನೂ ಓದಿ ಹೇಳುತ್ತದೆ. ಓದುವುದೇ ಅಪರಾಧವಾದ ಲೋಕ ಅದು. ಪುಸ್ತಕ ಇದನ್ನು ಮಾಡಲು ಸಾಧ್ಯವೇ ಇರಲಿಲ್ಲ, ಅಕ್ಷರವಿಲ್ಲದೆ ಪುಸ್ತಕವೆಲ್ಲಿ? ನಾಯಿ ಬಿಟ್ಟದ್ದಕ್ಕೆ ಬೈಯುವವರ ಜೊತೆ ಜಗಳಕ್ಕೆ ಹೋಗುವುದಿಲ್ಲ, ನಾನು ಮಾತ್ರ ತ್ರೂಫೋ ಪಕ್ಷ.

ಕೆಲಸದ ಕ್ರಮದ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ, ಈಚೆಗೆ ಬರೆಯಲು ಶುರು ಮಾಡಿದವರು ಇದನ್ನೇ ಹೆಚ್ಚು ಕೇಳುತ್ತಾರೆ. ಪ್ರತಿ ಡ್ರಾಫ್ಟನ್ನೂ ಇಬ್ಬರಿಗೆ ಕೊಡಿ. ಒಬ್ಬರು ಪುಸ್ತಕವನ್ನು ಹತ್ತಾರು ಸಲ ಓದಿದವರು, ಇನ್ನೊಬ್ಬರು ಹೆಸರೂ ಕೇಳದವರು. ಮೊದಲನೆಯವರ ಹತ್ತಿರ 'ಏನು ತಪ್ಪಿದೆ?' ಅಂತ ಕೇಳಬೇಡಿ, ಸಂಜೆಯವರೆಗೂ ಹೇಳುತ್ತಾರೆ. 'ಯಾವ ಸೀನ್ ಓದುವಾಗ ಇದು ಬೇರೆ ಪುಸ್ತಕ ಅನ್ನಿಸಿತು?' ಅಂತ ಕೇಳಿ. ಎರಡನೆಯವರಿಗೆ 'ಅರ್ಥ ಆಯ್ತಾ?' ಅಂತ ಕೇಳಿದರೆ ಸುಮ್ನೆ ಮರ್ಯಾದೆಗೆ ಹೂಂ ಅನ್ನುತ್ತಾರೆ. ಅದರ ಬದಲು ಆ ಲೋಕದ ನಿಯಮಗಳನ್ನು ಅವರ ಮಾತಿನಲ್ಲೇ ಹೇಳಲು ಹೇಳಿ. ಬಾಗಿಲಿನ ಸೀನ್ ಓದಿದವರೊಬ್ಬರು ನಮಗೆ ಹೇಳಿದ್ದು ಹೀಗೆ: 'ಅಲ್ಲಿ ಗಾಳಿಗೂ ಬಿಲ್ ಬರುತ್ತೆ ಅನ್ಸುತ್ತೆ, ನೆಂಟರು ಬಂದ್ರೆ ಜಾಸ್ತಿ ಬರುತ್ತೆ.' ಪುಸ್ತಕದ ಆ ಅಧ್ಯಾಯದಿಂದ ನಮಗೆ ಬೇಕಾಗಿದ್ದು ಅಷ್ಟೇ. ಮಾರನೇ ದಿನವೇ ಮೇಷ್ಟ್ರ ಪಾತ್ರವನ್ನು ನಟರ ಪಟ್ಟಿಯಿಂದ ತೆಗೆದೆವು.