ನಾಲ್ಕು ದಿನ, ಐದು ನಿಮಿಷ

ನಮಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ಕಳೆದ ತಿಂಗಳು ಬಂದಾಗ, ಅವರು ಮೂರು ವರ್ಷ ಹೇಳಿಕೊಟ್ಟ ಪಾಠಗಳಲ್ಲಿ ಒಂದೂ ನನಗೆ ಪೂರ್ತಿಯಾಗಿ ನೆನಪಿಗೆ ಬರಲಿಲ್ಲ. ಕಣ್ಣ ಮುಂದೆ ಬಂದದ್ದು, ಖಾಲಿ ತರಗತಿಯ ನೆಲದ ಮೇಲೆ ಮಂಡಿಯೂರಿ ಅವರು ಸೀಮೆಸುಣ್ಣದಲ್ಲಿ ಎಳೆದ ಒಂದು ಉದ್ದನೆಯ ಗೆರೆ.

ಅಂತಿಮ ವರ್ಷದಲ್ಲಿ ನಾವು ಐವರು ಗೆಳೆಯರು ಅಂತರಕಾಲೇಜು ಸ್ಪರ್ಧೆಗೆಂದು ಒಂದು ಕಿರುಚಿತ್ರ ಮಾಡಿದೆವು. ಗುರುವಾರ ಸಂಜೆ ಐದು ಗಂಟೆಗೆ ಚೀಟಿ ಎತ್ತಿ ವಿಷಯ ಕೊಟ್ಟರು. ಸೋಮವಾರ ಸಂಜೆ ಐದರೊಳಗೆ ಟೇಪು ಒಪ್ಪಿಸಬೇಕಿತ್ತು. ಒಟ್ಟು 96 ಗಂಟೆ. ಚಿತ್ರ ಐದು ನಿಮಿಷ ಮೀರುವಂತಿರಲಿಲ್ಲ. ನಮಗೆ ಬಂದ ವಿಷಯ ‘ಕಾಯುವುದು’.

ಆ ರಾತ್ರಿ ನಿದ್ದೆಗೆಟ್ಟು ನಾನು ಬರೆದ ಹದಿನಾಲ್ಕು ಪುಟಗಳ ಚಿತ್ರಕಥೆಯನ್ನು ಮೇಷ್ಟ್ರು ಓದುವ ಮೊದಲು ಎಣಿಸಿದರು. ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷವಾಗುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. “ಒಂಬತ್ತು ಪುಟ ನೀನೇ ತೆಗೆದು ತಾರಪ್ಪ, ಆಮೇಲೆ ಓದ್ತೀನಿ” ಎಂದರು. ನನ್ನ ಮುಖ ಬಾಡಿದ್ದನ್ನು ಕಂಡು, 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಲ್ಯೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ತೋರಿಸಿದ ಹತ್ತು ಚಿತ್ರಗಳಲ್ಲಿ ಒಂದೊಂದೂ ಒಂದು ನಿಮಿಷದೊಳಗೇ ಇತ್ತೆಂದೂ, ಅದರಲ್ಲೊಂದು ಚಿತ್ರದಲ್ಲಿ ಕಾರ್ಖಾನೆಯ ಬಾಗಿಲು ತೆರೆದು ಕೆಲಸಗಾರರು ಹೊರಗೆ ಬರುವುದರ ಹೊರತು ಬೇರೇನೂ ಇಲ್ಲವೆಂದೂ ಹೇಳಿದರು. ನಮ್ಮ ಚಿತ್ರ ಹುಟ್ಟಿದ್ದು ಆ ಮಾತಿನಿಂದಲೇ: ಕಾಲೇಜು ಬಿಟ್ಟು ಎಲ್ಲರೂ ಹೊರಗೆ ನುಗ್ಗುತ್ತಿರುವಾಗ ಒಬ್ಬ ಹುಡುಗ ಮಾತ್ರ ಎದುರು ದಿಕ್ಕಿನಲ್ಲಿ ಒಳಗೆ ನಡೆದು ಬಂದು ಖಾಲಿ ತರಗತಿಯಲ್ಲಿ ಗೆಳೆಯನಿಗಾಗಿ ಕಾಯುತ್ತಾನೆ.

ನುಗ್ಗುವ ಜನವನ್ನು ಎಲ್ಲಿಂದ ತರುವುದು? ಅನುಮತಿ ಕೇಳುತ್ತ ಕೂತರೆ ಒಂದು ದಿನ ಹೋಗುತ್ತಿತ್ತು. ಕಾಲೇಜು ಬಿಡುವ ಹೊತ್ತಿಗೆ ಮೊಗಸಾಲೆಯಲ್ಲಿ ನಮಗೆ ಬೇಕಾದ ಬೆಳಕು ಇರುತ್ತಿರಲಿಲ್ಲ. ಶುಕ್ರವಾರ ಮಹಡಿಯ ಮೇಲೆ ಕ್ಯಾಮೆರಾ ಹೂಡಿ, ನಮ್ಮಲ್ಲೊಬ್ಬ ಇಪ್ಪತ್ತು ನಿಮಿಷ ಮೊದಲೇ ಉದ್ದನೆಯ ಗಂಟೆ ಬಾರಿಸಿಬಿಟ್ಟ. ಎಲ್ಲ ಬಾಗಿಲುಗಳೂ ಒಮ್ಮೆಗೇ ತೆರೆದುಕೊಂಡವು. ಒಂದೇ ಟೇಕ್. ಇಷ್ಟು ವರ್ಷ ಸಂಕಲನಕಾರನಾಗಿ ದುಡಿದ ಮೇಲೂ, ಅದರಷ್ಟು ಜೀವಂತವಾದ ಜನಸಂದಣಿಯ ಶಾಟ್ ನನ್ನ ಕೈಗೆ ಬಂದಿಲ್ಲ ಎಂದೇ ಹೇಳುತ್ತೇನೆ.

ಪ್ರಾಂಶುಪಾಲರ ಕೋಣೆಗೆ ಕರೆ ಬಂತು. ಮೇಷ್ಟ್ರು ನಮಗಿಂತ ಮೊದಲೇ ಅಲ್ಲಿದ್ದರು. ಕಾರ್ಖಾನೆಯ ಕಥೆ ಹೇಳಿದವರು ತಾವಾದ್ದರಿಂದ ವಿವರಣೆಯನ್ನು ಮೊದಲು ತಮ್ಮಿಂದ ಪಡೆಯಬೇಕೆಂದರು. ಹಾಗೆಂದು ಅವರು ನಮ್ಮನ್ನು ಸುಮ್ಮನೆ ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಪಾಠ ನಿಂತುಹೋಗಿದ್ದ ಪ್ರತಿಯೊಂದು ತರಗತಿಗೂ ಕರೆದೊಯ್ದು ಕ್ಷಮೆ ಕೇಳಿಸಿದರು. ಒಂದೊಂದು ಗಂಟೆಗೂ ಬೆಲೆಯಿದ್ದ ಆ ದಿನ ಅದಕ್ಕೇ ಅರ್ಧ ಬೆಳಗು ಹೋಯಿತು.

ಗೆರೆ ಎಳೆದದ್ದು ಅದೇ ಮಧ್ಯಾಹ್ನ. ಎದುರುಬದುರು ಕೂತು ಮಾತಾಡುವ ಗೆಳೆಯರಿಬ್ಬರನ್ನು ನಾವು ಎರಡೂ ಬದಿಗಳಿಂದ ಚಿತ್ರಿಸಿದ್ದೆವು. ನೋಡಿದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದಂತಿತ್ತು. ಮೇಷ್ಟ್ರು ಇಬ್ಬರ ನಡುವೆ ಗೆರೆ ಎಳೆದು, ಕ್ಯಾಮೆರಾ ಅದರ ಒಂದೇ ಬದಿಯ 180 ಡಿಗ್ರಿಯೊಳಗೆ ಇರಬೇಕೆಂದೂ, ದಾಟಿದರೆ ಎಡದವನು ಬಲಕ್ಕೆ ಹೋಗಿ ನೋಡುವವರ ಕಣ್ಣು ಗೊಂದಲಕ್ಕೆ ಬೀಳುತ್ತದೆಂದೂ ತೋರಿಸಿದರು. ಅವರ ಪಂಚೆಯ ಮಂಡಿಯ ಮೇಲೆ ಸುಣ್ಣದ ಎರಡು ಬಿಳಿ ವೃತ್ತಗಳು ಮೂಡಿದ್ದವು. ನಾಲ್ಕು ಶಾಟ್‌ಗಳನ್ನು ಮತ್ತೆ ತೆಗೆಯುವಷ್ಟರಲ್ಲಿ ಬೆಳಕು ಹೋಯಿತು.

ಚಿತ್ರೀಕರಣ ಮುಗಿಯಿತೆಂದು ಮೈಕ್ ಮಡಚುವಾಗ ಅವರು ತಡೆದರು. ಯಾರೂ ಮಾತಾಡದೆ, ಅಲುಗದೆ, ಆ ಕೋಣೆಯ ಮೌನವನ್ನೇ ಒಂದು ನಿಮಿಷ ಧ್ವನಿಮುದ್ರಿಸಬೇಕಂತೆ. ಭಾನುವಾರ ರಾತ್ರಿಯವರೆಗೆ ಅದರ ಅಗತ್ಯ ನಮಗೆ ತಿಳಿಯಲಿಲ್ಲ. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕಾಗುತ್ತಿದ್ದ ಕಾಲ ಅದು. ಮೂರು ಟೇಪು ಇಳಿಸುವಷ್ಟರಲ್ಲಿ ನಡುರಾತ್ರಿ. ಮಾತುಗಳನ್ನು ಕತ್ತರಿಸಿ ಜೋಡಿಸಿದಾಗ ನಡುವೆ ಶಬ್ದವೇ ಇಲ್ಲದ ತೂತುಗಳು ಬಿದ್ದವು. ಆ ಒಂದು ನಿಮಿಷದ ಮೌನವನ್ನು ಕೆಳಗೆ ಹಾಸಿದೊಡನೆ ಕೋಣೆ ಮತ್ತೆ ಕೋಣೆಯಾಯಿತು. ಸೆಕೆಂಡಿಗೆ 25 ಫ್ರೇಮ್‌ನಂತೆ ನಮ್ಮ ಚಿತ್ರದಲ್ಲಿ 7,500 ಫ್ರೇಮ್‌ಗಳಿದ್ದವು, ಒಂದೊಂದಕ್ಕೂ ನಾವು ಜವಾಬ್ದಾರರೆಂದು ಮೇಷ್ಟ್ರು ಹೇಳಿದ್ದರು.

ಸೋಮವಾರ ನಾಲ್ಕು ಮುಕ್ಕಾಲಿಗೆ ಟೇಪು ಒಪ್ಪಿಸಿದೆವು. ಎರಡನೆಯ ಬಹುಮಾನ ಬಂತು. ಮೊದಲನೆಯದು ನಮ್ಮದೇ ಆಗಬೇಕಿತ್ತೆಂಬ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಬಂದಾಗ ಈಗಿನ ಮಕ್ಕಳ ಕಿರುಚಿತ್ರಗಳನ್ನು ನೋಡಿದೆ. ಅವರ ಮೊಬೈಲಿನ ಕ್ಯಾಮೆರಾ ನಮ್ಮದಕ್ಕಿಂತ ಎಷ್ಟೋ ಪಾಲು ಮೇಲು. ಆದರೆ ಕಿರುಚಿತ್ರ ಈಗ ಆಂತರಿಕ ಮೌಲ್ಯಮಾಪನದ ಒಂದು ಭಾಗ. ಚಿತ್ರಕಥೆಗೆ ಇಷ್ಟು ಅಂಕ, ಸಂಕಲನಕ್ಕೆ ಇಷ್ಟು ಅಂಕ, ಸಂಜೆ ಐದಕ್ಕೆ ಕೋಣೆಗಳಿಗೆ ಬೀಗ. ಅಂಕಪಟ್ಟಿಯಲ್ಲಿಲ್ಲದ ಕೆಲಸಕ್ಕಾಗಿ ಭಾನುವಾರದ ರಾತ್ರಿಯಿಡೀ ಪಕ್ಕದ ಕುರ್ಚಿಯಲ್ಲಿ ಎಚ್ಚರವಾಗಿರುವ ಮೇಷ್ಟ್ರು ಆ ಮಕ್ಕಳಿಗೂ ಸಿಗಲೆಂದು ನನ್ನ ಮನಸ್ಸು ಹಂಬಲಿಸಿತು.

ಸುದ್ದಿ ತಿಳಿದ ರಾತ್ರಿ ಹಳೆಯ ಟೇಪನ್ನು ಹುಡುಕಿ ತೆಗೆದೆ. ಆ ಒಂದು ನಿಮಿಷ ಹಾಗೆಯೇ ಉಳಿದಿತ್ತು: ಫ್ಯಾನಿನ ಸದ್ದು, ದೂರದಲ್ಲೆಲ್ಲೋ ಮುಚ್ಚಿದ ಬಾಗಿಲು, ಉಸಿರು ಬಿಗಿಹಿಡಿದ ಐವರು ಹುಡುಗರು. ಕೊನೆಯಲ್ಲಿ ಮೈಕಿನಿಂದ ತುಸು ದೂರ ನಿಂತ ಅವರ ಮೆಲುದನಿ: “ಆಯ್ತು ಕಣ್ರೋ, ಇನ್ನು ಕೆಮ್ಮಬಹುದು.”