ಜರ್ಮನ್ ಕಲಿಯೋಕೆ ಇಂಗ್ಲಿಷ್ ಬದಿಗಿಡಿ, ಕನ್ನಡ ಹಿಡ್ಕೊಳ್ಳಿ

ನರ್ಸಿಂಗ್ ಮುಗಿಸಿ ಇಲ್ಲಿ ಜರ್ಮನಿಗೆ ಬರೋಕೆ ತಯಾರಾಗ್ತಿರೋರು, ಮಾಸ್ಟರ್ಸ್‌ಗೆ ಅಪ್ಲೈ ಮಾಡಿರೋ ಹುಡುಗ್ರು, ಗಂಡಂದೋ ಹೆಂಡತೀದೋ ಕೆಲಸ ಅಂತ ಜೊತೇಲಿ ಹೊರಟು ಬಂದೋರು, ಎಲ್ರೂ ನನ್ನ ಕೇಳೋದು ಒಂದೇ ಪ್ರಶ್ನೆ, ಜರ್ಮನ್ ಅಷ್ಟೊಂದು ಕಷ್ಟನಾ ಅಂತ. ನಾನಿರೋದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿ, ಈ ಕಡೆ ಕಾರ್ ಕಂಪನಿಗಳ ಕೆಲಸಕ್ಕೆ ಅಂತ ಬಂದ ನಮ್ಮೋರು ತುಂಬಾ ಜನ ಇದ್ದಾರೆ, ಅದ್ರಲ್ಲಿ ಎಷ್ಟೋ ಜನ ಆಫೀಸಲ್ಲಿ ಇಂಗ್ಲಿಷ್ ನಡಿಯುತ್ತೆ ಅಂತ ಹೇಳ್ಕೊಂಡು ವರ್ಷಗಟ್ಲೆ ಜರ್ಮನ್ ಮುಟ್ಟದೇ ಕಳೆದುಬಿಡ್ತಾರೆ, ಅದು ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಯಾಕಂದ್ರೆ ಇಂಗ್ಲಿಷ್ ಮೂಲಕ ಕಲಿಯೋಕೆ ಹೋದ್ರೆ ಜರ್ಮನ್ ಕಷ್ಟ ಹೌದು, ಆದ್ರೆ ಕನ್ನಡದ ಮೂಲಕ ಹೋದ್ರೆ ಅರ್ಧ ವ್ಯಾಕರಣ ನಿಮ್ಮ ಬಾಯಲ್ಲಿ ಆಗ್ಲೇ ಇದೆ. ಇದನ್ನ ನಾನು ಸುಮ್ನೆ ಅಭಿಮಾನಕ್ಕೆ ಹೇಳ್ತಿಲ್ಲ, ಉದಾಹರಣೆ ಕೊಡ್ತೀನಿ ನೋಡಿ.

ಜರ್ಮನ್ ಕ್ಲಾಸಲ್ಲಿ ಎಲ್ರಿಗೂ ಮೊದಲು ಭಯ ಹುಟ್ಟಿಸೋದು ಕೇಸ್ ಅನ್ನೋ ವಿಷಯ. ನೊಮಿನಾಟಿವ್, ಅಕುಸಾಟಿವ್, ಡಾಟಿವ್, ಗೆನಿಟಿವ್. ಇಂಗ್ಲಿಷಲ್ಲಿ ಇದಕ್ಕೆ ಸರಿಯಾದ ಜೋಡಿ ಇಲ್ಲ, ಹಾಗಾಗಿ ಟೀಚರ್ ಒಂದು ದೊಡ್ಡ ಟೇಬಲ್ ಬರೆದು ಬಾಯಿಪಾಠ ಮಾಡಿ ಅಂತಾರೆ. ಆದ್ರೆ ನಾವು ಏಳನೇ ಕ್ಲಾಸಲ್ಲೇ ವಿಭಕ್ತಿ ಪ್ರತ್ಯಯ ಓದಿಕೊಂಡು ಬಂದೋರು! ಅಕುಸಾಟಿವ್ ಅಂದ್ರೆ ನಮ್ಮ ದ್ವಿತೀಯಾ, ‘ಅನ್ನು’. ಡಾಟಿವ್ ಅಂದ್ರೆ ಚತುರ್ಥಿ, ‘ಗೆ, ಕ್ಕೆ’. ಗೆನಿಟಿವ್ ಅಂದ್ರೆ ಷಷ್ಠಿ. ಇರೋ ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಪ್ರತ್ಯಯ ಹೋಗಿ ಪದದ ಕೊನೆಗೆ ಅಂಟ್ಕೊಳ್ಳುತ್ತೆ, ಅವರಲ್ಲಿ ಪದಕ್ಕಿಂತ ಮೊದಲು ಬರೋ, ಇಂಗ್ಲಿಷಿನ ‘ದಿ’ ಥರದ ಡೇರ್, ಡೀ, ಡಾಸ್ ರೂಪ ಬದಲಾಯಿಸುತ್ತೆ. ‘ಮಗುಗೆ ಪುಸ್ತಕ ಕೊಡ್ತೀನಿ’ ಅನ್ನೋದ್ರಲ್ಲಿ ಮಗು ಹೋಗಿ ಮಗುಗೆ ಆಯ್ತಲ್ಲ, ಹಂಗೇ ಜರ್ಮನಲ್ಲಿ ‘ಡಾಸ್ ಕಿಂಡ್’ ಹೋಗಿ ‘ಡೇಮ್ ಕಿಂಡ್’ ಆಗುತ್ತೆ.

ಇದಕ್ಕಿಂತ ಮಜಾ ಇರೋದು ಡಾಟಿವ್ ತಗೊಳ್ಳೋ ಕ್ರಿಯಾಪದಗಳಲ್ಲಿ. ಪುಸ್ತಕದಲ್ಲಿ ಒಂದು ಪಟ್ಟಿ ಇರುತ್ತೆ, ಹೆಲ್ಫೆನ್, ಡಾಂಕೆನ್, ಆಂಟ್‌ವೋರ್ಟೆನ್, ಗೆಫಾಲೆನ್, ಗೆಹೋರೆನ್, ಫೇಲೆನ್, ಇವೆಲ್ಲ ಡಾಟಿವ್ ತಗೊಳ್ಳುತ್ತೆ, ಕಾರಣ ಕೇಳಬೇಡಿ ಅಂತ. ಅದೇ ಸಾಲಲ್ಲಿ ಕನ್ನಡದಲ್ಲಿ ಹೇಳ್ಕೊಂಡು ನೋಡಿ. ನಿಂಗೆ ಸಹಾಯ ಮಾಡ್ತೀನಿ. ನಿಮಗೆ ಧನ್ಯವಾದ. ಅವಳಿಗೆ ಉತ್ತರ ಕೊಟ್ಟೆ. ಈ ಊರು ನಂಗೆ ಹಿಡಿಸ್ತು. ಈ ಪುಸ್ತಕ ನಂಗೆ ಸೇರಿದ್ದು. ನಂಗೆ ದುಡ್ಡು ಕಮ್ಮಿ ಬಿತ್ತು. ಎಲ್ಲಾ ಕಡೆ ‘ಗೆ’! ಬಾಯಿಪಾಠ ಯಾಕೆ ಬೇಕು ಹೇಳಿ? ‘ಪ್ರಶ್ನೆ ಕೇಳು’ ಅನ್ನೋ ಫ್ರಾಗೆನ್ ಮಾತ್ರ ಅಕುಸಾಟಿವ್, ಇಂಗ್ಲಿಷ್ ಮೂಲಕ ಕಲಿಯೋರು ಅಲ್ಲಿ ಡಾಟಿವ್ ಹಾಕಿ ಎಡವ್ತಾರೆ, ನಾವು ‘ನಿನ್ನನ್ನ ಕೇಳ್ತೀನಿ’ ಅಂತೀವಿ, ಅಲ್ಲೂ ಸರಿ ಹೋಯ್ತು. ಎಲ್ಲಾ ಕಡೆ ಹೊಂದುತ್ತೆ ಅಂತ ಅಲ್ಲ, ‘ನಿಂಗೆ ಫೋನ್ ಮಾಡ್ತೀನಿ’ ಅನ್ನೋ ಕಡೆ ಅವರು ಅಕುಸಾಟಿವ್ ಹಾಕ್ತಾರೆ, ಅಂಥವನ್ನ ಬೇರೆ ಬರೆದಿಟ್ಟುಕೊಳ್ಳಿ, ಜಾಸ್ತಿ ಏನಿರಲ್ಲ.

ಚಳಿ ಆದಾಗ ನಾವು ‘ನಂಗೆ ಚಳಿ’ ಅಂತೀವಿ, ‘ನಾನು ಚಳಿ’ ಅನ್ನಲ್ಲ. ಜರ್ಮನ್ನರೂ ಅಷ್ಟೇ, ‘ಮೀರ್ ಇಸ್ಟ್ ಕಾಲ್ಟ್’, ಅಕ್ಷರಕ್ಕೆ ಅಕ್ಷರ ನಂಗೆ ಚಳಿ. ಇಂಗ್ಲಿಷ್ ತಲೇಲಿ ಇಟ್ಕೊಂಡೋರು ‘ಇಶ್ ಬಿನ್ ಕಾಲ್ಟ್’ ಅಂತಾರೆ, ಅದು ನನ್ನ ಸ್ವಭಾವವೇ ತಣ್ಣಗೆ, ಭಾವನೆ ಇಲ್ಲದೋನು ಅನ್ನೋ ಥರ ಕೇಳ್ಸುತ್ತೆ. ಕನ್ನಡದಲ್ಲಿ ಯೋಚ್ನೆ ಮಾಡೋರಿಗೆ ಆ ಗೊಂದಲವೇ ಬರಲ್ಲ.

ಇನ್ನು ಕ್ರಿಯಾಪದ ಕೊನೆಗೆ ಹೋಗೋದು. ಜರ್ಮನಲ್ಲಿ ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿ ಇರುತ್ತೆ, ಇದೊಂದು ಹೊಸದಾಗಿ ಕಲೀಬೇಕು, ಆದ್ರೆ ‘ಯಾಕಂದ್ರೆ’, ‘ಅಂತ’, ‘ಆದಾಗ’ ಅನ್ನೋ ಥರದ ಒಳವಾಕ್ಯ ಬಂದ ಕೂಡ್ಲೆ ಕ್ರಿಯಾಪದ ಕೊನೆಗೆ ಓಡಿಹೋಗುತ್ತೆ, ಅಂದ್ರೆ ‘ವೈಲ್ ಇಶ್ ಹೊಯ್ಟ ಕೈನ ತ್ಸೈಟ್ ಹಾಬ’ ಅನ್ನೋದ್ರಲ್ಲಿ ಪದಗಳ ಸಾಲು ‘ಯಾಕಂದ್ರೆ, ನಂಗೆ ಇವತ್ತು ಟೈಮ್ ಇಲ್ಲ’ ಅನ್ನೋ ಹಂಗೇ ಬರುತ್ತೆ. ಇಂಗ್ಲಿಷ್, ಫ್ರೆಂಚ್ ಮಾತಾಡೋರು ವಾಕ್ಯದ ಕೊನೇವರೆಗೂ ಕಾಯೋಕೆ ಒದ್ದಾಡ್ತಾರೆ. ನಮಗೆ ಹುಟ್ಟಿನಿಂದ್ಲೇ ಕೊನೇವರೆಗೂ ಕಾದು ಅಭ್ಯಾಸ.

ನಂಗೆ ತುಂಬಾ ಇಷ್ಟವಾಗಿರೋದು ಮಾತ್ರ ಸರ್ಕಾರಿ ಕಾಗದಗಳಲ್ಲಿ ಬರೋ ಒಂದು ರಚನೆ, ಇದ್ರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳ್ತೀನಿ. ಇಲ್ಲಿ ಮನೆ ಬದಲಾಯಿಸಿದ್ರೆ ಎರಡು ವಾರದೊಳಗೆ ಹೋಗಿ ವಿಳಾಸ ನೋಂದಣಿ ಮಾಡಿಸ್ಬೇಕು, ಅದಾದ ಮೇಲೆ ಟ್ಯಾಕ್ಸ್ ನಂಬರು, ಇನ್ಶೂರೆನ್ಸು ಎಲ್ಲದಕ್ಕೂ ಪೋಸ್ಟಲ್ಲಿ ಕಾಗದ ಬರ್ತಾನೇ ಇರುತ್ತೆ, ಆ ಕಾಗದದಲ್ಲಿ ‘ಡೀ ಆಮ್ ಡ್ರಿಟೆನ್ ಮೈ ಐನ್‌ಗೆರೈಶ್ಟೆನ್ ಉಂಟರ್‌ಲಾಗೆನ್’ ಅಂತ ಉದ್ದಕ್ಕೆ ಇರುತ್ತೆ. ಇದನ್ನ ಇಂಗ್ಲಿಷಿಗೆ ಇಳಿಸ್ಬೇಕಂದ್ರೆ ವಾಕ್ಯ ಪೂರ್ತಿ ಒಡೆದು ಹಿಂದೆ ಮುಂದೆ ಮಾಡ್ಬೇಕು. ಕನ್ನಡಕ್ಕೆ? ‘ಮೇ 3ರಂದು ಸಲ್ಲಿಸಿದ ದಾಖಲೆಗಳು’. ಒಂದು ಪದವೂ ಜಾಗ ಬಿಟ್ಟು ಕದಲಲಿಲ್ಲ. ನಾಮಪದದ ಮುಂದೆ ಇಡೀ ಕಥೆ ಹೇಳಿಬಿಟ್ಟು ಆಮೇಲೆ ನಾಮಪದ ಹೇಳೋದು, ‘ನಮ್ಮಮ್ಮ ಮಾಡಿದ ಸಾರು’, ‘ನಿನ್ನೆ ಬಂದ ನೆಂಟ್ರು’ ಅನ್ನೋ ಹಂಗೆ. ಬಿ2 ಕ್ಲಾಸಲ್ಲಿ (ಭಾಷೆಯ ಮಟ್ಟಗಳು ಎ1ರಿಂದ ಶುರುವಾಗಿ ಎ2, ಬಿ1, ಬಿ2 ಅಂತ ಮೇಲೇರುತ್ತೆ) ಇದು ಬಂದಾಗ ಬೇರೆ ದೇಶದೋರು ತಲೆ ಕೆರ್ಕೋತಾರೆ, ಕನ್ನಡದೋರು ಒಂದು ಸಲ ಗುಟ್ಟು ತಿಳ್ಕೊಂಡ್ರೆ ಮುಗೀತು. ಕಾಗದ ಬಂದಾಗ ಹೆದರಿ ಯಾರಿಗೋ ಫೋಟೋ ತೆಗೆದು ಕಳಿಸೋ ಬದಲು ಕೂತು ಕನ್ನಡದಲ್ಲಿ ಓದಿ ನೋಡಿ.

ಕನ್ನಡ ಕೈ ಕೊಡೋ ಜಾಗಗಳೂ ಇವೆ. ಲಿಂಗ ಅದ್ರಲ್ಲಿ ಮೊದಲನೇದು. ನಮ್ಮಲ್ಲಿ ಅರ್ಥ ನೋಡಿ ಲಿಂಗ, ಅವರಲ್ಲಿ ಪದ ನೋಡಿ. ಊಟದ ಮೇಜಿನ ಮೇಲೆ ಸ್ಪೂನು ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ಇದಕ್ಕೆ ಅಡ್ಡದಾರಿ ಇಲ್ಲ, ಪದ ಕಲಿಯುವಾಗ್ಲೇ ಡೇರ್, ಡೀ, ಡಾಸ್ ಸೇರ್ಸಿ ಕಲೀಬೇಕು, ‘ಉಂಗ್’, ‘ಹೈಟ್’, ‘ಕೈಟ್’ ಅಂತ ಮುಗಿಯೋ ಪದಗಳು ಸ್ತ್ರೀಲಿಂಗ, ‘ಶೆನ್’ ಅಂತ ಮುಗಿದ್ರೆ ನಪುಂಸಕ ಅನ್ನೋ ಒಂದೆರಡು ಸೂತ್ರ ಸಹಾಯಕ್ಕೆ ಬರುತ್ತೆ. ಸಂಖ್ಯೆನೂ ಅಷ್ಟೇ, 54ಕ್ಕೆ ಅವರು ನಾಲ್ಕು ಮತ್ತು ಐವತ್ತು ಅಂತಾರೆ, ಸಂಸ್ಕೃತದ ಏಕವಿಂಶತಿ ಗೊತ್ತಿದ್ರೆ ಆ ಕ್ರಮ ಅಪರಿಚಿತ ಅನ್ಸಲ್ಲ, ಆದ್ರೆ ಫೋನ್ ನಂಬರ್‌ನ ಎರಡೆರಡು ಅಂಕಿ ಸೇರ್ಸಿ ವೇಗವಾಗಿ ಹೇಳಿದಾಗ ಬರ್ಕೊಳ್ಳೋಕೆ ಪ್ರಾಕ್ಟೀಸ್ ಬೇಕೇ ಬೇಕು. ಟೈಮ್ ವಿಷಯದಲ್ಲಂತೂ ಹುಷಾರು. ‘ಹಾಲ್ಬ್ ಆಖ್ಟ್’ ಅಂದ್ರೆ ಎಂಟೂವರೆ ಅಲ್ಲ, ಏಳೂವರೆ, ಎಂಟರ ಕಡೆ ಅರ್ಧ ದಾರಿ ಬಂದಿದೆ ಅಂತ ಲೆಕ್ಕ. ಸ್ಟುಟ್‌ಗಾರ್ಟ್ ಸುತ್ತಲಿನ ನಮ್ಮ ಈ ಷ್ವಾಬಿಷ್ ಸೀಮೇಲಿ ಇನ್ನೂ ಒಂದು ಹೆಜ್ಜೆ ಮುಂದೆ, ‘ಫಿಯರ್ಟೆಲ್ ಆಖ್ಟ್’ ಅಂದ್ರೆ ಏಳೂಕಾಲು, ‘ಡ್ರೈಫಿಯರ್ಟೆಲ್ ಆಖ್ಟ್’ ಅಂದ್ರೆ ಏಳೂಮುಕ್ಕಾಲು. ಮನೆಗೆ ಕಾಫಿಗೆ ಅಂತ ಕರೆದಾಗ ‘ಹಾಲ್ಬ್ ಫಿಯರ್’ ಅಂದ್ರೆ ಮೂರೂವರೆಗೆ ಬಾಗಿಲಲ್ಲಿ ಇರಬೇಕು, ಒಳಗೆ ಕೇಕ್ ಕತ್ತರಿಸಿ ಇಟ್ಟಿರ್ತಾರೆ.

ಉಚ್ಚಾರದಲ್ಲಿ ಹ್ರಸ್ವ ದೀರ್ಘ ನಮಗೆ ವರ. ‘ಮಿಟೆ’ ಅಂದ್ರೆ ಮಧ್ಯ, ‘ಮೀಟೆ’ ಅಂದ್ರೆ ಮನೆ ಬಾಡಿಗೆ, ಕನ್ನಡ ಲಿಪೀಲಿ ಬರ್ಕೊಂಡ್ರೆ ತಪ್ಪೋದೇ ಇಲ್ಲ.

ಈ ಎರಡು ಭಾಷೆ ಒಂದನ್ನೊಂದು ಕಂಡಿದ್ದು ಐಟಿ ಕಾಲದಲ್ಲಿ ಅಲ್ಲ ಅನ್ನೋದನ್ನೂ ಹೇಳ್ಬೇಕು. ಜರ್ಮನ್ ಮಾತಾಡೋ ಪಾದ್ರಿಗಳಿದ್ದ ಬಾಸೆಲ್ ಮಿಷನ್‌ನೋರು 1834ರಲ್ಲೇ ಮಂಗಳೂರಿಗೆ ಬಂದ್ರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಶುರು ಮಾಡಿದ ಹೆರ್ಮನ್ ಮೋಗ್ಲಿಂಗ್ ಈ ಕಡೆಯ ಬ್ರಾಕೆನ್‌ಹೈಮ್ ಊರಿನೋರು, ಕೊನೆಗೆ 1881ರಲ್ಲಿ ತೀರ್ಕೊಂಡಿದ್ದು ನಾನಿರೋ ಎಸ್ಲಿಂಗೆನ್‌ನಲ್ಲೇ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ನಮ್ಮ ಕಡೆ ಬಂದು ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನ 1894ರಲ್ಲಿ ಹೊರತಂದ್ರು, ಅದಕ್ಕೆ ಟ್ಯೂಬಿಂಗೆನ್ ಯೂನಿವರ್ಸಿಟಿ ಅವರಿಗೆ ಡಾಕ್ಟರೇಟ್ ಕೊಡ್ತು, 1903ರಲ್ಲಿ ಅದೇ ಊರಲ್ಲಿ ತೀರ್ಕೊಂಡ್ರು. ಬೆಂಗಳೂರಿನ ಎಂ.ಜಿ. ರೋಡಲ್ಲಿ ಅವರ ಪ್ರತಿಮೆ ನೋಡಿರ್ತೀರ. ಅವರು ಆ ಕಾಲದಲ್ಲಿ ಹಳಗನ್ನಡ ಕಲಿತ್ರು, ಈಗ ಮೊಬೈಲು, ಡಿಕ್ಷನರಿ ಆಪ್ ಎಲ್ಲಾ ಕೈಯಲ್ಲಿರೋ ನಾವು ಬಿ1 ಮುಟ್ಟೋಕೆ ಆಗಲ್ವಾ?

ಟ್ಯೂಬಿಂಗೆನ್ ಯೂನಿವರ್ಸಿಟಿ 1477ರಲ್ಲಿ ಕಟ್ಟಿಸಿದೋನು ಎಬರ್‌ಹಾರ್ಡ್ ಅನ್ನೋ ದೊರೆ, ಗಡ್ಡದ ಎಬರ್‌ಹಾರ್ಡ್ ಅಂತ್ಲೇ ಹೆಸರು. ಇವನ ಕಾಲದಲ್ಲೇ, 1492ರಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ ಪ್ರತಿಯೊಬ್ರೂ ವಾರಕ್ಕೊಂದ್ಸಲ ತಮ್ಮ ಮನೆ ಕೊಳೆ ಊರಾಚೆ ಸಾಗಿಸ್ಬೇಕು ಅಂತ ಕಟ್ಟಳೆ ಆಯ್ತು, ಈ ಸೀಮೆಯ ಕೇರ್‌ವೋಖೆ ಅನ್ನೋ ಪದ್ಧತಿಯ ಬೇರನ್ನ ಅಲ್ಲಿಂದ ಗುರ್ತಿಸ್ತಾರೆ. ಅಪಾರ್ಟ್‌ಮೆಂಟಲ್ಲಿ ಸರದಿ ಮೇಲೆ ಗುಡಿಸೋ ಕೆಲಸ ಅದು. ಚಿಕ್ಕ ಕೇರ್‌ವೋಖೆ ಅಂದ್ರೆ ನಿಮ್ಮ ಫ್ಲೋರಿನ ಮೆಟ್ಟಿಲು, ದೊಡ್ಡದು ಅಂದ್ರೆ ಮುಂಬಾಗಿಲು, ನೆಲಮಾಳಿಗೆ, ಫುಟ್‌ಪಾತು, ಚಳಿಗಾಲದಲ್ಲಿ ಹಿಮ ಕೂಡ. ನಮ್ಮ ಬಿಲ್ಡಿಂಗಲ್ಲಿ ಇದಕ್ಕೊಂದು ಪುಟ್ಟ ಮರದ ಬೋರ್ಡ್ ಇದೆ, ದಾರ ಕಟ್ಟಿರೋದು. ನಮ್ಮ ವಾರ ಬಂತು ಅಂದ್ರೆ ನಮ್ಮ ಬಾಗಿಲ ಹಿಡಿಗೆ ಅದು ತೂಗಾಡ್ತಿರುತ್ತೆ, ಮುಗಿಸಿ ಭಾನುವಾರ ಸಂಜೆ ಪಕ್ಕದ ಮನೆ ಹಿಡಿಗೆ ಹಾಕಿ ಬರ್ಬೇಕು. ಇದನ್ನ ಎಷ್ಟೋ ನಮ್ಮೋರು ಕಿರಿಕಿರಿ ಅಂತಾರೆ, ನಂಗೆ ಹಾಗನ್ಸಲ್ಲ. ಮೆಟ್ಟಿಲು ಒರೆಸ್ತಾ ಇದ್ದಾಗ ಮೇಲಿಂದ ಇಳಿದು ಬರೋ ಪ್ರತಿಯೊಬ್ರೂ ನಿಂತು ಎರಡು ಮಾತಾಡಿ ಹೋಗ್ತಾರೆ, ಹವಾಮಾನ, ಮೊಣಕಾಲು ನೋವು, ಮೊಮ್ಮಕ್ಕಳು. ಯಾವ ಕ್ಲಾಸಲ್ಲೂ ಸಿಗದ ಮಾತುಗಾರಿಕೆ ಅಲ್ಲಿ ಸಿಗುತ್ತೆ.

ಪಾರ್ಸೆಲ್ ವಿಷಯನೂ ಹಾಗೇ. ನೀವು ಮನೇಲಿ ಇಲ್ದಿದ್ರೆ ಪಕ್ಕದೋರ ಹತ್ರ ಕೊಟ್ಟು ನಿಮ್ಮ ಲೆಟರ್ ಬಾಕ್ಸಲ್ಲಿ ಚೀಟಿ ಹಾಕಿ ಹೋಗ್ತಾರೆ. ಸಂಜೆ ಬೆಲ್ ಒತ್ತಿ, ಗುಡ್ ಈವ್ನಿಂಗ್ ಹೇಳಿ, ನಾನು ಇಂಥ ಫ್ಲೋರಿನೋನು, ನಮ್ಮ ಪಾರ್ಸೆಲ್ ನಿಮ್ಮತ್ರ ಇದೆಯಂತೆ ಅಂತ ಕೇಳ್ಬೇಕು. ಎ1 ಮುಗಿಸಿದೋರಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಇಲ್ಲಿ ಆಂಟಿ, ಅಂಕಲ್ ಅಂತ ಕರೆಯೋ ಹಂಗಿಲ್ಲ, ಬಾಗಿಲ ಮೇಲಿರೋ ಮನೆತನದ ಹೆಸರಿಗೆ ಫ್ರಾವ್ (ಶ್ರೀಮತಿ) ಅಥವಾ ಹೆರ್ (ಶ್ರೀ) ಸೇರ್ಸಿ ಕರೀಬೇಕು. ‘ಡು’ ಮತ್ತು ‘ಝೀ’ ವ್ಯತ್ಯಾಸ ನಮಗೆ ಹೇಳಿಕೊಡಬೇಕಾಗಿಲ್ಲ, ನೀನು, ನೀವು ಇದ್ದೇ ಇದೆ, ದೇವರಿಗೆ ನಾವೂ ‘ನೀನು’ ಅಂತೀವಿ ಅವರೂ ‘ಡು’ ಅಂತಾರೆ. ಆದ್ರೆ ‘ಝೀ’ ಇಂದ ‘ಡು’ಗೆ ಇಳಿಯೋದು ಇಲ್ಲಿ ತಾನಾಗೇ ಆಗಲ್ಲ, ಹಿರಿಯರು ಬಾಯಿಬಿಟ್ಟು ಹೇಳ್ತಾರೆ, ಇನ್ಮೇಲೆ ‘ಡು’ ಅನ್ನೋಣ ಅಂತ, ತಮ್ಮ ಮೊದಲ ಹೆಸರು ಹೇಳಿ ಕೈ ಕುಲುಕ್ತಾರೆ. ಅಲ್ಲೀವರೆಗೂ ಕಾಯಿರಿ, ಅದು ದೂರ ಇಡೋದಲ್ಲ, ಮರ್ಯಾದೆ.

ಡಾಕ್ಟರ್ ಹತ್ರ ಹೋದಾಗ ವೇಟಿಂಗ್ ರೂಮಿಗೆ ಕಾಲಿಟ್ಟ ಕೂಡ್ಲೆ ಅಲ್ಲಿ ಕೂತಿರೋ ಗುರುತಿಲ್ಲದ ಜನಕ್ಕೆಲ್ಲಾ ಸೇರ್ಸಿ ‘ಗುಟೆನ್ ಮಾರ್ಗೆನ್’ ಅನ್ನಬೇಕು, ಈ ಕಡೆ ‘ಗ್ರ್ಯೂಸ್ ಗಾಟ್’ ಅಂತಾರೆ, ಹೊರಡುವಾಗ್ಲೂ ಹೇಳಿ ಹೊರಡಬೇಕು. ಮೊಬೈಲ್ ನೋಡ್ಕೊಂಡು ಸುಮ್ನೆ ಹೋಗಿ ಕೂತ್ರೆ ಒರಟು ಅನ್ಕೋತಾರೆ. ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ಶುಭಾಶಯ ಹೇಳಬೇಡಿ, ಅಪಶಕುನ ಅಂತಾರೆ, ಆಫೀಸಲ್ಲಿ ಹುಟ್ಟುಹಬ್ಬ ಇದ್ದೋರೇ ಕೇಕ್ ತರ್ಬೇಕು. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತೆ, ಡ್ರಿಲ್ಲಿಂಗ್ ಮಾಡೋ ಹಂಗಿಲ್ಲ, ಗಾಜಿನ ಬಾಟ್ಲಿ ಕಂಟೇನರಿಗೆ ಹಾಕೋ ಹಂಗೂ ಇಲ್ಲ ಯಾಕಂದ್ರೆ ಸದ್ದಾಗುತ್ತೆ. ಒಂದೇ ಸಲ ಬಳಸೋ ನೀರಿನ ಪ್ಲಾಸ್ಟಿಕ್ ಬಾಟ್ಲಿಗೆ 25 ಸೆಂಟ್ ಠೇವಣಿ ಸೇರ್ಸಿ ತಗೊಂಡಿರ್ತಾರೆ, ಖಾಲಿ ಬಾಟ್ಲಿ ಸೂಪರ್‌ಮಾರ್ಕೆಟ್ ಮಷೀನಿಗೆ ಹಾಕಿದ್ರೆ ಚೀಟಿ ಬರುತ್ತೆ, ಬಿಲ್ಲಲ್ಲಿ ಕಳೀತಾರೆ, ಹಾಗಾಗಿ ಬಾಟ್ಲಿ ಹಿಂಡಿ ಮುದ್ದೆ ಮಾಡಬೇಡಿ, ಬಾರ್‌ಕೋಡ್ ಓದೋಕಾಗಲ್ಲ.

ಇನ್ನು ಎಲ್ಲಿ ಕಲಿಯೋದು ಅನ್ನೋದು. ಬೆಂಗಳೂರಲ್ಲಿರೋರಿಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಗಯಟೆ ಇನ್ಸ್ಟಿಟ್ಯೂಟ್‌ಗೆ ನಮ್ಮ ದೇಶದಲ್ಲಿ ಅದೇ ಹೆಸರು. ಇಲ್ಲಿಗೆ ಬಂದ ಮೇಲೆ ಹೆಚ್ಚುಕಮ್ಮಿ ಪ್ರತಿ ಊರಲ್ಲೂ ಫೋಲ್ಕ್ಸ್‌ಹೋಖ್‌ಶೂಲೆ ಅನ್ನೋ ವಯಸ್ಕರ ಶಾಲೆ ಇರುತ್ತೆ, ಫೀಸ್ ಕಮ್ಮಿ, ಸಂಜೆ ಬ್ಯಾಚ್ ಸಿಗುತ್ತೆ. ಕೈಲಿ ದುಡ್ಡಿಲ್ಲ ಅಂದ್ರೆ ಜರ್ಮನಿಯ ಸುದ್ದಿ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆ ಸೈಟಲ್ಲಿ ಪುಕ್ಕಟೆ ಪಾಠ ಇದೆ, ನಿಧಾನವಾಗಿ ಓದೋ ಸುದ್ದಿನೂ ಇದೆ, ಟ್ರೈನಲ್ಲಿ ಕೇಳ್ತಾ ಹೋಗ್ಬಹುದು. ಪೌರತ್ವಕ್ಕೆ ಬಿ1 ಬೇಕು, ಜೊತೆಗೆ 33 ಪ್ರಶ್ನೆಗಳ ಟೆಸ್ಟು, 17 ಸರಿ ಇದ್ರೆ ಪಾಸು. ಆದ್ರೆ ಸರ್ಟಿಫಿಕೇಟಿಗೆ ಅಂತ ಮಾತ್ರ ಓದಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ, ಮಗು ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್ ನಡೆಯೋದು, ಆಸ್ಪತ್ರೇಲಿ ರಾತ್ರಿ ನರ್ಸ್ ಮಾತಾಡ್ಸೋದು, ಎಲ್ಲಾ ಜರ್ಮನಲ್ಲೇ.

ನೀವು ತಡವರಿಸಿದ್ರೆ ಎದುರಿಗಿರೋರು ಪಾಪ ಸಹಾಯ ಅಂತ ಇಂಗ್ಲಿಷಿಗೆ ಹೊರಳ್ತಾರೆ. ಆಗ ‘ನಾನು ಜರ್ಮನ್ ಕಲೀತಿದ್ದೀನಿ, ದಯವಿಟ್ಟು ಜರ್ಮನಲ್ಲೇ ಮಾತಾಡೋಣ’ ಅನ್ನೋ ಒಂದು ವಾಕ್ಯ ಮೊದಲೇ ರೆಡಿ ಇಟ್ಕೊಳ್ಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಖುಷಿ ಪಡ್ತಾರೆ. ನೋಟ್‌ಬುಕ್ಕಲ್ಲಿ ಜರ್ಮನ್ ವಾಕ್ಯದ ಪಕ್ಕ ಇಂಗ್ಲಿಷ್ ಬರೀಬೇಡಿ, ಮನೇಲಿ ಮಾತಾಡೋ ಕನ್ನಡ ಬರೀರಿ. ಡಾಟಿವ್ ತಗೊಳ್ಳೋ ಕ್ರಿಯಾಪದಗಳನ್ನೆಲ್ಲಾ ಕನ್ನಡ ವಾಕ್ಯದ ಸಮೇತ ಪಟ್ಟಿ ಮಾಡ್ತಿದ್ದೀನಿ, ಫೋನ್ ಮಾಡೋದರ ಥರ ಹೊಂದದೇ ಇರೋವನ್ನ ಬೇರೆ ಬಣ್ಣದಲ್ಲಿ ಗುರ್ತು ಹಾಕಿ ಮುಂದಿನ ವಾರ ಹಾಕ್ತೀನಿ, ಬೇಕಾದೋರು ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸ್ಕೊಳ್ಳಿ.